ಅವ್ವನ ಮೇಜಿನ ಮೇಲಿನ ಡೆಬಿಯನ್: ಎರಡು ವರ್ಷ ಬಳಸಿದ ಮೇಲೆ

ನವಲಗುಂದದ ನಮ್ಮ ಮನೆಯ ಪಡಸಾಲೆಯಲ್ಲಿ, ಕಿಟಕಿಗೆ ಹತ್ತಿಕೊಂಡ ಮೇಜಿನ ಮೇಲೆ ಒಂದು ಹಳೆಯ ಲ್ಯಾಪ್‌ಟಾಪ್ ಇದೆ. 2014ರಲ್ಲಿ ನನ್ನ ಕೆಲಸಕ್ಕೆಂದು ಕೊಂಡದ್ದು ಅದು. ನಾಲ್ಕು ಜಿಬಿ ರ‍್ಯಾಮ್, ಸಡಿಲವಾದ ಎಡಗಡೆಯ ತಿರುಗಣಿ, ಅಕ್ಷರ ಅಳಿಸಿಹೋದ ಐದಾರು ಕೀಲಿಗಳು. ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದ್ದನ್ನು ಬಿಟ್ಟರೆ ಅದಕ್ಕೆ ಮತ್ತೇನೂ ಖರ್ಚು ಮಾಡಿಲ್ಲ. 2023ರ ದೀಪಾವಳಿಗೆ ಊರಿಗೆ ಹೋದಾಗ ಅದರ ಮೇಲೆ, ವಿಂಡೋಸ್‌ನಂತೆ ಇಡೀ ಗಣಕವನ್ನು ನಡೆಸುವ ಲಿನಕ್ಸ್ ಕಾರ್ಯವ್ಯವಸ್ಥೆಯಾದ ಡೆಬಿಯನ್‌ನ 12ನೆಯ ಆವೃತ್ತಿಯನ್ನು ಸ್ಥಾಪಿಸಿ ಅವ್ವನಿಗೆ ಒಪ್ಪಿಸಿ ಬಂದೆ. ಅವ್ವ ನಿವೃತ್ತ ಕನ್ನಡ ಶಿಕ್ಷಕಿ. ಸುತ್ತಲಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ಕೆಲಸ ಮಾಡುತ್ತ, ಹಿರಿಯ ಹೆಣ್ಣುಮಕ್ಕಳ ಬಾಯಿಂದ ಕೇಳಿ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟುಕೊಂಡ ಬೀಸುವ ಪದಗಳನ್ನೂ ಸೋಬಾನ ಪದಗಳನ್ನೂ ಗಣಕಕ್ಕೆ ಏರಿಸುವುದು ಈಗ ಅವಳ ದಿನದ ಕೆಲಸ. ಈ ವಿಮರ್ಶೆ ಅಂಥ ಬಳಕೆಯನ್ನು ಕುರಿತದ್ದು. ಸರ್ವರುಗಳಲ್ಲಿ ಡೆಬಿಯನ್ ಹೇಗೆ ನಡೆಯುತ್ತದೆ ಎಂಬುದನ್ನು ಬೇಕಾದಷ್ಟು ಜನ ಬರೆದಿದ್ದಾರೆ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್, ಮತ್ತು ಡೆಬಿಯನ್‌ನಲ್ಲಿ ಎರಡು ಸಣ್ಣ ಪ್ಯಾಕೇಜುಗಳನ್ನು, ಅಂದರೆ ಸ್ಥಾಪಿಸಲು ಸಿದ್ಧವಾಗಿ ಕಟ್ಟಿಟ್ಟ ತಂತ್ರಾಂಶಗಳನ್ನು, ನೋಡಿಕೊಳ್ಳುವವಳು. ಅಧಿಕೃತ ಡೆವಲಪರ್ ಅಲ್ಲ. ನಾನು ಸಿದ್ಧಪಡಿಸಿದ್ದನ್ನು ಡೆವಲಪರ್ ಒಬ್ಬರು ಪರಿಶೀಲಿಸಿ ಏರಿಸಬೇಕು. ಆದ್ದರಿಂದ ನಾನು ಹೊರಗಿನವಳಂತೆ ತೂಗುತ್ತೇನೆಂದು ಯಾರೂ ನಂಬಬೇಕಾಗಿಲ್ಲ. ಒಳಗಿನವರಿಗೆ ಒಂದು ಅನುಕೂಲವೂ ಉಂಟು: ಯಾವ ಗೋಡೆ ಎಲ್ಲಿ ಸೋರುತ್ತದೆಂಬುದು ಮನೆಯವರಿಗಲ್ಲದೆ ಮತ್ತಾರಿಗೆ ಗೊತ್ತಿರುತ್ತದೆ?

ಡೆಬಿಯನ್ ಒಂದು ಕಂಪನಿಯ ಸರಕಲ್ಲ. 1993ರ ಆಗಸ್ಟ್ 16ರಂದು ಇಯನ್ ಮರ್ಡಾಕ್ ಎಂಬ ಅಮೆರಿಕದ ವಿದ್ಯಾರ್ಥಿ ಘೋಷಿಸಿದ ಯೋಜನೆ ಅದು. ತನ್ನ ಗೆಳತಿ, ಮುಂದೆ ಹೆಂಡತಿಯಾದ ಡೆಬ್ರಾಳ ಹೆಸರಿನ ಮೊದಲ ಭಾಗಕ್ಕೆ ತನ್ನ ಹೆಸರನ್ನು ಅಂಟಿಸಿ ಆತ ಡೆಬಿಯನ್ ಎಂಬ ಪದವನ್ನು ಮಾಡಿದ. ಆ ದಾಂಪತ್ಯ ಉಳಿಯಲಿಲ್ಲ, ಇಯನ್ 2015ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಹೆಸರು ಮಾತ್ರ ಪ್ರಪಂಚದ ಲೆಕ್ಕವಿಲ್ಲದಷ್ಟು ಯಂತ್ರಗಳಲ್ಲಿ ಹಾಗೆಯೇ ನಿಂತಿದೆ. 2017ರ ಒಂಬತ್ತನೆಯ ಆವೃತ್ತಿಯನ್ನು ಆತನಿಗೆ ಅರ್ಪಿಸಲಾಯಿತು. ಪುಸ್ತಕಗಳಿಗೆ ಅರ್ಪಣೆಯ ಪುಟ ಇರುವುದು ನಮಗೆ ಗೊತ್ತು, ತಂತ್ರಾಂಶಕ್ಕೂ ಅದು ಇರಬಹುದೆಂದು ನನಗೆ ಡೆಬಿಯನ್ ತೋರಿಸಿತು. 2000ದ ಆಗಸ್ಟ್‌ನಲ್ಲಿ ಬಂದ 2.2ನೆಯ ಆವೃತ್ತಿಯ ಅರ್ಪಣೆ ಜೋಯೆಲ್ ಕ್ಲೆಕರ್ ಎಂಬ ಹುಡುಗನಿಗೆ. ಸ್ನಾಯುಗಳು ಕ್ಷೀಣಿಸುವ ಡುಶೆನ್ ರೋಗದಿಂದ ಹಾಸಿಗೆ ಹಿಡಿದಿದ್ದುಕೊಂಡೇ ಆತ ಡೆಬಿಯನ್‌ಗೆ ಕೆಲಸ ಮಾಡುತ್ತಿದ್ದ. 21ನೆಯ ವಯಸ್ಸಿನಲ್ಲಿ ಆತ ತೀರಿಕೊಳ್ಳುವವರೆಗೆ ಜೊತೆಯಲ್ಲಿ ದುಡಿದವರಲ್ಲಿ ಹೆಚ್ಚಿನವರಿಗೆ ಆ ಸಂಗತಿಯೇ ತಿಳಿದಿರಲಿಲ್ಲ. ಪರದೆಯ ಆಚೆ ಕುಳಿತು ನನ್ನ ಪ್ಯಾಕೇಜಿನ ತಪ್ಪು ಹುಡುಕುವವರ ಮೇಲೆ ಸಿಟ್ಟು ಬಂದಾಗಲೆಲ್ಲ ನನಗೆ ಈ ಅರ್ಪಣೆ ನೆನಪಾಗುತ್ತದೆ.

ಇನ್ನು ಸ್ಥಾಪನೆ. ಚಿತ್ರರೂಪದ ಸ್ಥಾಪಕವನ್ನು ಆರಿಸಿಕೊಂಡರೆ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಸಿಗುತ್ತದೆ, ಮುಂದಿನ ಪ್ರಶ್ನೆಗಳು ಕನ್ನಡದಲ್ಲಿ ಬರುತ್ತವೆ. ಬರಿಯ ಪಠ್ಯರೂಪದ ಸ್ಥಾಪಕಕ್ಕೆ ನಮ್ಮ ಒತ್ತಕ್ಷರಗಳನ್ನು ತೋರಿಸುವ ಶಕ್ತಿ ಇಲ್ಲವಾದ್ದರಿಂದ ಅಲ್ಲಿ ಕನ್ನಡವನ್ನು ಹುಡುಕಬಾರದು. ವೈಫೈಯಂಥ ಬಿಡಿಭಾಗಗಳು ನಡೆಯಲು ಬೇಕಾದ ತಂತ್ರಾಂಶ, ಅಂದರೆ ಫರ್ಮ್‌ವೇರ್, ಕುರಿತಾದ ಹಳೆಯ ತಕರಾರು ಈಗ ಮುಗಿದಿದೆ. ಮುಕ್ತವಲ್ಲದ ಫರ್ಮ್‌ವೇರನ್ನು ಅಧಿಕೃತ ಸ್ಥಾಪಕದಲ್ಲಿ ಸೇರಿಸಬಾರದೆಂಬ ನಿಯಮದಿಂದಾಗಿ 11ನೆಯ ಆವೃತ್ತಿಯವರೆಗೆ ಎಷ್ಟೋ ಲ್ಯಾಪ್‌ಟಾಪ್‌ಗಳು ಸ್ಥಾಪನೆಯಾದ ಮೇಲೆ ಜಾಲವಿಲ್ಲದೆ ಕೂರುತ್ತಿದ್ದವು. 2022ರಲ್ಲಿ ಡೆವಲಪರುಗಳು ಮತ ಹಾಕಿ ಆ ನಿಯಮವನ್ನು ಸಡಿಲಿಸಿದರು, 2023ರ ಜೂನ್‌ನಲ್ಲಿ ಬಂದ 12ನೆಯ ಆವೃತ್ತಿಯಿಂದ ಅದು ಜಾರಿಯಲ್ಲಿದೆ. ಡಿಸ್ಕನ್ನು ಭಾಗ ಮಾಡುವ ಹಂತ ಮಾತ್ರ ಈಗಲೂ ಹೊಸಬರ ಎದೆ ನಡುಗಿಸುತ್ತದೆ. ಅಲ್ಲಿ ಬಳಸಿರುವ ಕನ್ನಡ ಅರ್ಥವಾಗಬೇಕಾದರೆ ಮೊದಲು ಇಂಗ್ಲಿಷ್ ತಿಳಿದಿರಬೇಕು. ಊರಿನ ಅಂಗಡಿಯವರಿಂದ ಹಾಕಿಸಿಕೊಳ್ಳುತ್ತೇನೆ ಎನ್ನುವವರು, ಹಳೆಯ ಡಿಸ್ಕಿನಲ್ಲಿ ಇರುವುದನ್ನೆಲ್ಲ ಬೇರೆಡೆ ಪ್ರತಿ ಮಾಡಿಕೊಳ್ಳದೆ ಯಂತ್ರವನ್ನು ಕೈಬಿಡಬಾರದು.

ನಾಲ್ಕು ಜಿಬಿ ರ‍್ಯಾಮಿನ ಯಂತ್ರಕ್ಕೆ ಭಾರವಾಗದ ಡೆಸ್ಕ್‌ಟಾಪ್ ಬೇಕಿತ್ತು. ಗ್ನೋಮ್ ಎಂಬ ಡೆಸ್ಕ್‌ಟಾಪ್ ತನ್ನ ಹಳೆಯ ರೂಪವನ್ನು ಬಿಟ್ಟು ಹೊಸ ವೇಷ ತೊಟ್ಟಾಗ, ಹಳೆಯದನ್ನೇ ಉಳಿಸಿಕೊಳ್ಳಬೇಕೆಂದು ಅರ್ಜೆಂಟೀನಾದ ಬಳಕೆದಾರನೊಬ್ಬ 2011ರಲ್ಲಿ ಕವಲೊಡೆಸಿದ ಡೆಸ್ಕ್‌ಟಾಪನ್ನು ಆರಿಸಿದೆ. ದಕ್ಷಿಣ ಅಮೆರಿಕದ ಜನ ಎಲೆಯನ್ನು ಬಿಸಿನೀರಿನಲ್ಲಿ ನೆನೆಸಿ ಕುಡಿಯುವ ಪೇಯವೊಂದರ ಹೆಸರು ಅದಕ್ಕೆ; ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿ ಬರೆದರೆ ಅದು ‘ಮಾತೆ’ ಎಂದೇ ಆಗುತ್ತದೆ. ಅವ್ವ ಅದನ್ನು ಓದಿ, ಇದು ತನಗಾಗಿಯೇ ಮಾಡಿಸಿದ್ದೇನು ಎಂದು ಕೇಳಿದಳು. ಹೌದೆಂದು ಹೇಳಿ ಸುಮ್ಮನಾದೆ. ಕೆಳಗಿನ ಪಟ್ಟಿ, ಮೇಲಿನ ಪಟ್ಟಿ, ಎಡಮೂಲೆಯಲ್ಲಿ ಮೆನು ಎಲ್ಲವೂ ಕಂಡಲ್ಲೇ ಇರುತ್ತವೆ. ಎರಡು ವರ್ಷಗಳಲ್ಲಿ ಒಂದು ಗುಂಡಿಯೂ ಜಾಗ ಬದಲಿಸಿಲ್ಲ, ಅರವತ್ತಾರರ ಹರೆಯದ ಬಳಕೆದಾರರಿಗೆ ಇದಕ್ಕಿಂತ ದೊಡ್ಡ ಸೌಲಭ್ಯ ಮತ್ತೊಂದಿಲ್ಲ.

ಮೆನುಗಳ ಕನ್ನಡದ ಬಗ್ಗೆ ಹೀಗೆ ಹೊಗಳಲಾರೆ. ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಶ್ರದ್ಧೆಯಿಂದ ನಡೆದ ಅನುವಾದ ಆಮೇಲೆ ಕುಂಟಿದೆ. ಹಳೆಯ ಸಾಲುಗಳು ಕನ್ನಡದಲ್ಲಿ, ಹೊಸ ಸಾಲುಗಳು ಇಂಗ್ಲಿಷಿನಲ್ಲಿ ಒಂದೇ ಮೆನುವಿನಲ್ಲಿ ಪಕ್ಕಪಕ್ಕ ನಿಂತಿರುತ್ತವೆ. ಹಾಗಿದ್ದೂ ‘ಕಡತ’ ಎಂಬ ಮಾತನ್ನು ಅವ್ವ ಮೆಚ್ಚಿಕೊಂಡಳು. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಮಸಿಯನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಲೆಕ್ಕ ಬರೆದಿಡುತ್ತಿದ್ದ ಹಿಂದಿನ ಕಾಲದ ಪುಸ್ತಕಕ್ಕೆ ಕಡತ ಎನ್ನುತ್ತಿದ್ದರು, ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು, ಆದ್ದರಿಂದ ಗಣಕಕ್ಕೆ ಇದು ಸರಿಯಾದ ಪದ ಎಂಬುದು ಅವಳ ವಾದ.

ಕೀಲಿಮಣೆಯ ವಿಷಯದಲ್ಲಿ ದೂರಿಲ್ಲ. ಕೆ. ಪಿ. ರಾವ್ ರೂಪಿಸಿದ ವಿನ್ಯಾಸವನ್ನೇ ಅವ್ವ ಶಾಲೆಯ ದಿನಗಳಿಂದ ಬಲ್ಲಳು. ಬೇರೆ ಬೇರೆ ಭಾಷೆಗಳನ್ನು ಟೈಪು ಮಾಡಲು ಇರುವ ಐಬಸ್ ಎಂಬ ಸವಲತ್ತಿನ ಜೊತೆಗೆ ಎಂ17ಎನ್ ಪ್ಯಾಕೇಜನ್ನು ಹಾಕಿದರೆ ಅದೇ ವಿನ್ಯಾಸ ‘ಕೆಜಿಪಿ’ ಎಂಬ ಹೆಸರಿನಲ್ಲಿ ಸಿಗುತ್ತದೆ. ಬೆರಳುಗಳಿಗೆ ಹೊಸದಾಗಿ ಏನನ್ನೂ ಕಲಿಸಬೇಕಾಗಲಿಲ್ಲ. ಅಕ್ಷರಶೈಲಿಗಳಲ್ಲಿ ‘ಗುಬ್ಬಿ’ ಮತ್ತು ‘ನವಿಲು’ ಎಂಬ ಎರಡು ಫಾಂಟುಗಳು ಡೆಬಿಯನ್‌ನ ಭಂಡಾರದಲ್ಲಿಯೇ ಇವೆ. ಪಠ್ಯಕ್ಕೆ ಗುಬ್ಬಿ ಒಳ್ಳೆಯದು. ಕೈಬರಹದ ಬೆಡಗಿರುವ ನವಿಲು ಶೀರ್ಷಿಕೆಗೆ ಚೆನ್ನ. ನವಲಗುಂದದವರಿಗೆ ನವಿಲಿನ ಮೇಲೆ ಸಹಜವಾಗಿ ಮೋಹ ಇರುವುದರಿಂದ ಅವ್ವ ಮೊದಮೊದಲು ಇಡೀ ಪುಟಗಳನ್ನೇ ಅದರಲ್ಲಿ ಬರೆದು ಕಣ್ಣು ನೋಯಿಸಿಕೊಂಡಳು. ಕೆಲಸ ಕೆಟ್ಟದ್ದು ಹಳೆಯ ಕಡತಗಳಲ್ಲಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಯುನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಶಾಲೆಯಲ್ಲಿ ಟೈಪು ಮಾಡಿಟ್ಟ ಎಂಬತ್ತು ಪದಗಳನ್ನು ಲಿಬ್ರೆಆಫೀಸ್ ಎಂಬ ಬರವಣಿಗೆಯ ತಂತ್ರಾಂಶದಲ್ಲಿ ತೆರೆದಾಗ ರೋಮನ್ ಅಕ್ಷರಗಳ ಕಸ ಕಾಣಿಸಿತು. ಅದು ಡೆಬಿಯನ್‌ನ ತಪ್ಪಲ್ಲ, ಯಾವ ವ್ಯವಸ್ಥೆಯಲ್ಲಿ ತೆರೆದರೂ ಅಷ್ಟೇ. ಯುನಿಕೋಡ್‌ಗೆ ಪರಿವರ್ತಿಸುವ ಮುಕ್ತ ತಂತ್ರಾಂಶಗಳನ್ನು ಕನ್ನಡಿಗರೇ ಬರೆದಿದ್ದಾರೆ. ಪರಿವರ್ತಿಸಿ, ಒತ್ತಕ್ಷರಗಳನ್ನು ಕೈಯಿಂದ ತಿದ್ದುವಷ್ಟರಲ್ಲಿ ಎರಡು ದಿನ ಹೋದವು.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. 2024ರ ಬೇಸಿಗೆಯ ಒಂದು ರಾತ್ರಿ ಅವ್ವ ಫೋನು ಮಾಡಿ, “ನಿನ್ನ ಯಂತ್ರದಾಗ ‘ದಾರ‍್ಯಾಗ’ ದಾರಿ ತಪ್ಪೇತಿ ನೋಡವಾ” ಎಂದಳು. ನಮ್ಮ ಕಡೆಯ ಪದಗಳಲ್ಲಿ ದಾರ‍್ಯಾಗ, ಕೇರ‍್ಯಾಗ ಎಂಬಂಥ ರೂಪಗಳು ಸಾಲಿಗೊಂದು ಬರುತ್ತವೆ. ಇಲ್ಲಿ ‘ರ’ ಪೂರ್ತಿಯಾಗಿ ನಿಂತು ‘ಯ’ ಅದರ ಕೆಳಗೆ ಒತ್ತಾಗಬೇಕು. ಆದರೆ ಯುನಿಕೋಡ್‌ನ ನಿಯಮದಂತೆ ರ, ಹಲಂತ, ಯ ಎಂದು ಸುಮ್ಮನೆ ಬರೆದರೆ ಸೂರ್ಯ, ಕಾರ್ಯ ಎಂಬಲ್ಲಿ ಆಗುವಂತೆ ಅರ್ಕಾವತ್ತು ಬಂದು ‘ದಾರ್ಯಾಗ’ ಎಂದಾಗುತ್ತದೆ. ಅದನ್ನು ತಪ್ಪಿಸಬೇಕಾದರೆ ‘ರ’ ಆದ ಕೂಡಲೇ, ಹಲಂತಕ್ಕೆ ಮುಂಚೆ, ಕಣ್ಣಿಗೆ ಕಾಣದ ಒಂದು ಬೆಸುಗೆಯ ಅಕ್ಷರವನ್ನು ಇಡಬೇಕು. ಅವ್ವ ಇಟ್ಟಿದ್ದಳು. ಅವಳು ಬಳಸುತ್ತಿದ್ದ ಟಿಪ್ಪಣಿಯ ತಂತ್ರಾಂಶ, ಅದರ ಹೆಸರು ಇಲ್ಲಿ ಬೇಡ, ಕಡತವನ್ನು ಉಳಿಸುವಾಗ ಕಾಣದ ಅಕ್ಷರಗಳನ್ನೆಲ್ಲ ಕಸವೆಂದು ಗುಡಿಸಿ ಹಾಕುತ್ತಿತ್ತು. ಬರೆಯುವಾಗ ಸರಿ ಇದ್ದದ್ದು ಮಾರನೆಯ ದಿನ ತೆರೆದರೆ ತಪ್ಪಾಗಿರುತ್ತಿತ್ತು. ಅವ್ವ ಮೂರು ದಿನ ತನ್ನ ಕಣ್ಣನ್ನೇ ಅನುಮಾನಿಸಿದ್ದಳಂತೆ.

ಡೆಬಿಯನ್‌ನ ದೋಷ ವರದಿಗಳೆಲ್ಲ ಬಹಿರಂಗ. ಸಮಸ್ಯೆಗಳನ್ನು ಮುಚ್ಚಿಡುವುದಿಲ್ಲವೆಂದು 1997ರ ಸಾಮಾಜಿಕ ಒಪ್ಪಂದದಲ್ಲಿಯೇ ಬರೆದುಕೊಂಡ ಸಂಸ್ಥೆ ಅದು. ವರದಿಗಳ ಕ್ರಮಸಂಖ್ಯೆ ಈಗ ಹತ್ತು ಲಕ್ಷವನ್ನು ದಾಟಿದೆ. ಮಿಂಚಂಚೆಯಲ್ಲಿ ವರದಿ ಕಳಿಸಿದರೆ ಸಂಖ್ಯೆ ಸಿಗುತ್ತದೆ, ಕಳಿಸಿದವರ ಹೆಸರೂ ವಿಳಾಸವೂ ಶಾಶ್ವತವಾಗಿ ಎಲ್ಲರಿಗೂ ಕಾಣುತ್ತವೆ, ಇದನ್ನು ಹೊಸಬರು ಗಮನದಲ್ಲಿಟ್ಟುಕೊಳ್ಳಬೇಕು. ನಾನು ವರದಿ ಬರೆದೆ. ಆ ಟಿಪ್ಪಣಿ ತಂತ್ರಾಂಶದ ಪ್ಯಾಕೇಜನ್ನು ನೋಡಿಕೊಳ್ಳುವವರು ಕನ್ನಡ ಲಿಪಿಯನ್ನು ಕಂಡವರಲ್ಲ. ತಪ್ಪು ಯಾವುದು, ಸರಿ ಯಾವುದು ಎಂದು ತಮಗೆ ಎರಡೂ ಒಂದೇ ಥರ ಕಾಣುತ್ತವೆ ಎಂದು ಬಹಳ ಸೌಜನ್ಯದಿಂದ ಉತ್ತರಿಸಿದರು. ಅವ್ವನಿಗೆ ತಿಳಿಸಿದೆ. ಅವಳು ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಹಿಂದುಮುಂದು ಮಾಡಿ, ಎಡಕ್ಕೆ ‘ದಾರ್ಯಾಗ’ ಬಲಕ್ಕೆ ‘ದಾರ‍್ಯಾಗ’ ಎಂದು ಗೇಣುದ್ದದ ಅಕ್ಷರಗಳಲ್ಲಿ ಬರೆದು, ಒಂದಕ್ಕೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ, ಇನ್ನೊಂದಕ್ಕೆ ಸರಿ ಗುರುತು ಹಾಕಿ, ಫೋಟೊ ತೆಗೆದು ವಾಟ್ಸ್ಯಾಪ್‌ನಲ್ಲಿ ಕಳಿಸಿದಳು. ಅದನ್ನು ಹಾಗೆಯೇ ವರದಿಗೆ ಲಗತ್ತಿಸಿದೆ.

ಆದರೂ ಕನ್ನಡ ಬಾರದವರು ತಮ್ಮ ಯಂತ್ರದಲ್ಲಿ ಪರೀಕ್ಷಿಸಿ ನೋಡಲು ಒಂದು ಉದಾಹರಣೆ ಬೇಕಾಗಿತ್ತು. ಅದು ಸಿಕ್ಕಿದ್ದು ನಮ್ಮ ಮನೆಯ ವಾಟ್ಸ್ಯಾಪ್ ಗುಂಪಿನಲ್ಲಿಯೇ. ಅಪ್ಪ, ಅಮ್ಮ, ಮಗು ಒಟ್ಟಿಗೆ ನಿಂತ ಸಂಸಾರದ ಇಮೋಜಿ ಒಂದೇ ಚಿತ್ರದಂತೆ ಕಂಡರೂ ಒಳಗೆ ಅದು ಮೂರು ಬೇರೆ ಬೇರೆ ಚಿತ್ರಗಳು. ಅವನ್ನು ಹಿಡಿದಿಟ್ಟಿರುವುದು ‘ದಾರ‍್ಯಾಗ’ದಲ್ಲಿರುವ ಅದೇ ಕಾಣದ ಬೆಸುಗೆಯ ಅಕ್ಷರ. ಆ ಇಮೋಜಿಯನ್ನು ಟಿಪ್ಪಣಿಯಲ್ಲಿಟ್ಟು ಉಳಿಸಿ ಮತ್ತೆ ತೆರೆದರೆ ಸಂಸಾರ ಒಡೆದು ಮೂರು ಮುಖಗಳು ಸಾಲಾಗಿ ಬಿದ್ದಿದ್ದವು. ಈ ಪ್ರಯೋಗವನ್ನು ಬರೆದು ಕಳಿಸಿದ ದಿನವೇ ಉತ್ತರ ಬಂತು. ನೋಡಿಕೊಳ್ಳುವವರು ವರದಿಯನ್ನು ಮೂಲ ತಂತ್ರಾಂಶದವರಿಗೆ ದಾಟಿಸಿದರು, ಅವರು ಎರಡು ಸಾಲು ಬದಲಿಸಿದರು, ತಿದ್ದಿದ ಆವೃತ್ತಿ ಕೆಲವೇ ವಾರಗಳಲ್ಲಿ ಹೊಸದೆಲ್ಲ ಮೊದಲು ಬಂದು ಸೇರುವ ಡೆಬಿಯನ್‌ನ ಅಸ್ಥಿರ ಶಾಖೆಯನ್ನು ತಲುಪಿತು.

ಅವ್ವನ ಯಂತ್ರವನ್ನು ಮಾತ್ರ ತಲುಪಲಿಲ್ಲ. ಡೆಬಿಯನ್‌ನ ಗುಣವೂ ಇದೇ, ದೋಷವೂ ಇದೇ. ಸ್ಥಿರ ಆವೃತ್ತಿ ಒಮ್ಮೆ ಹೊರಬಿದ್ದ ಮೇಲೆ ಅದಕ್ಕೆ ಭದ್ರತೆಯ ತಿದ್ದುಪಡಿಗಳೂ ಗಂಭೀರ ದೋಷಗಳ ತಿದ್ದುಪಡಿಗಳೂ ಹೋಗುತ್ತವೆಯೇ ಹೊರತು ಉಳಿದದ್ದೆಲ್ಲ ಮುಂದಿನ ಆವೃತ್ತಿಗೆ ಕಾಯಬೇಕು. ‘ದಾರ‍್ಯಾಗ’ ಗಂಭೀರವೆಂದು ಯಾರೂ ಒಪ್ಪುವಂತಿರಲಿಲ್ಲ. ನ್ಯಾಯವಾಗಿ ನೋಡಿದರೆ ನಾನೂ ಒಪ್ಪುತ್ತಿರಲಿಲ್ಲ. ತಿದ್ದಿದ ಪ್ಯಾಕೇಜನ್ನು ನಾನೇ ಕಟ್ಟಿ ಹಾಕಬಹುದಿತ್ತು. ಆದರೆ ಎರಡು ವರ್ಷ ಯಾವ ರಗಳೆಯೂ ಇಲ್ಲದೆ ನಡೆಯಲಿ ಎಂಬ ಕಾರಣಕ್ಕೇ ಡೆಬಿಯನ್ ಹಾಕಿ, ಮೊದಲ ಬೇಸಿಗೆಯಲ್ಲೇ ಅದಕ್ಕೆ ನನ್ನ ತೇಪೆ ಹಚ್ಚುವುದು ನನಗೆ ಸರಿಕಾಣಲಿಲ್ಲ. ಅವ್ವ ಆ ವರ್ಷವೆಲ್ಲ ಪ್ರಿಂಟ್ ತೆಗೆದ ಹಾಳೆಗಳ ಮೇಲೆ ಕೆಂಪು ಶಾಯಿಯಿಂದ ಅರ್ಕಾವತ್ತನ್ನು ಹೊಡೆದುಹಾಕಿ ಯ ಒತ್ತನ್ನು ಬರೆಯುತ್ತಿದ್ದಳು. ಲಿಬ್ರೆಆಫೀಸ್‌ನಲ್ಲಿ ಈ ತೊಂದರೆ ಇಲ್ಲ, ಅದರಲ್ಲೇ ಬರೆ ಎಂದರೆ, ಪದಗಳನ್ನು ಊರಿನ ಪ್ರಕಾರ ಜೋಡಿಸಿಡಲು ತನಗೆ ಟಿಪ್ಪಣಿಯೇ ಬೇಕು ಎಂದಳು.

ಈ ವಸ್ತುವಿನ ಬೆಲೆ ಸೊನ್ನೆ ಎಂದು ಬರೆಯುವ ವಿಮರ್ಶಕರಿಗೆ ನಮ್ಮ ಮನೆಯ 2025ರ ಏಪ್ರಿಲ್, ಮೇ ತಿಂಗಳುಗಳನ್ನು ತೋರಿಸಬೇಕೆನಿಸುತ್ತದೆ. 13ನೆಯ ಆವೃತ್ತಿಗೆ ಮುನ್ನ ಪ್ಯಾಕೇಜುಗಳ ಹರಿವನ್ನು ಹಂತಹಂತವಾಗಿ ನಿಲ್ಲಿಸುವ ಕಾಲ ಅದು. ಮೇ 15ರಿಂದ ಬಿಗಿ ಇನ್ನೂ ಹೆಚ್ಚು. ನನ್ನ ಒಂದು ಪ್ಯಾಕೇಜಿನ ಮೇಲೆ, ಅದನ್ನು ಬಿಡುಗಡೆಗೆ ಅನರ್ಹಗೊಳಿಸುವಂಥ ದೋಷ ದಾಖಲಾಗಿತ್ತು, ಹೊತ್ತಿಗೆ ಸರಿಯಾಗಿ ತಿದ್ದದಿದ್ದರೆ ಯಂತ್ರವೇ ಅದನ್ನು ಪಟ್ಟಿಯಿಂದ ತೆಗೆದುಹಾಕುತ್ತದೆ. ಮಗನಿಗೆ ರಜೆ, ನಾವೆಲ್ಲ ನವಲಗುಂದದಲ್ಲಿ. ಮಾವಿನ ಸೀಕರಣೆಗೆ ಎಲ್ಲರೂ ಎಲೆಯ ಮುಂದೆ ಕುಳಿತು ನನ್ನನ್ನು ಕೂಗುತ್ತಿದ್ದರೆ ನಾನು ಅಟ್ಟದ ಮೇಲೆ, ಮೊಬೈಲಿನ ಜಾಲ ಸಿಗುವ ಒಂದೇ ಮೂಲೆಯಲ್ಲಿ, ಸಂಬಳ ಕೊಡದ ಕೆಲಸಕ್ಕೆ ಬೆವರು ಸುರಿಸುತ್ತಿದ್ದೆ. ಮಗ ಮೆಟ್ಟಿಲ ಬುಡದಲ್ಲಿ ನಿಂತು, “ಅಜ್ಜೀ, ಅಮ್ಮನ ಆಫೀಸಿಗೆ ರಜಾ ಇಲ್ಲೇನು?” ಎಂದು ಕೇಳಿದ. “ಅದು ಆಫೀಸಲ್ಲೋ, ಅಕೀ ಇನ್ನೊಂದು ಮನೀ” ಎಂದು ಅವ್ವ ಹೇಳಿದ್ದು ಮೇಲಕ್ಕೆ ಕೇಳಿಸಿತು. ಅದರಲ್ಲಿ ಮೆಚ್ಚುಗೆ ಎಷ್ಟಿತ್ತು, ಆಕ್ಷೇಪಣೆ ಎಷ್ಟಿತ್ತು ಎಂದು ಇಂದಿಗೂ ನಾನು ಕೇಳಿಲ್ಲ. ಸೀಕರಣೆಯ ಬಟ್ಟಲು ಮಾತ್ರ ಅಟ್ಟಕ್ಕೇ ಬಂತು.

ಆ ಇನ್ನೊಂದು ಮನೆಯನ್ನು ನಾನು ಕಣ್ಣಾರೆ ಕಂಡದ್ದು 2023ರ ಸೆಪ್ಟೆಂಬರ್‌ನಲ್ಲಿ. ಡೆಬಿಯನ್‌ನ ವಾರ್ಷಿಕ ಸಮ್ಮೇಳನ ಆ ವರ್ಷ ಮೊದಲ ಬಾರಿಗೆ ಭಾರತಕ್ಕೆ ಬಂದು ಕೊಚ್ಚಿಯಲ್ಲಿ ನಡೆಯಿತು. ಬಂದವರು ತಂತಮ್ಮ ನಾಡಿನ ಚೀಸ್ ತಂದು ಹಂಚಿ ತಿನ್ನುವ ಒಂದು ಸಂಜೆ ಆ ಸಮ್ಮೇಳನದ ಹಳೆಯ ಸಂಪ್ರದಾಯ. ಅವ್ವ ನನ್ನ ಚೀಲದಲ್ಲಿ ತುರುಕಿ ಕಳಿಸಿದ ಎರಡು ಕಿಲೋ ಧಾರವಾಡ ಪೇಡೆಯೂ ಹಾಲಿನದೇ ಆದ್ದರಿಂದ ನಡೆಯುತ್ತದೆ ಎಂದುಕೊಂಡು ಹಂಚಿದೆ. ನನ್ನ ಪ್ಯಾಕೇಜನ್ನು ಮೂರು ಬಾರಿ ಹಿಂತಿರುಗಿಸಿದ್ದ ಹಿರಿಯರು ಪೇಡೆಯನ್ನು ಒಮ್ಮೆಯೂ ಹಿಂತಿರುಗಿಸಲಿಲ್ಲ.

13ನೆಯ ಆವೃತ್ತಿ 2025ರ ಆಗಸ್ಟ್ 9ರಂದು ಹೊರಬಂತು. ಗಣೇಶ ಚೌತಿಗೆ ಊರಿಗೆ ಹೋದಾಗ ಅವ್ವನ ಯಂತ್ರವನ್ನು ಅದಕ್ಕೆ ಏರಿಸಿದೆ. ಕಡತಗಳನ್ನು ಪ್ರತಿ ಮಾಡಿಟ್ಟು, ಪ್ಯಾಕೇಜುಗಳು ಎಲ್ಲಿಂದ ಬರಬೇಕೆಂದು ಹೇಳುವ ಮೂಲಪಟ್ಟಿಯಲ್ಲಿ ಆವೃತ್ತಿಯ ಹೆಸರು ಬದಲಿಸಿ, ಎರಡು ಆಜ್ಞೆಗಳನ್ನು ಕೊಟ್ಟದ್ದಷ್ಟೇ; ಊರಿನ ಬ್ರಾಡ್‌ಬ್ಯಾಂಡಿನಲ್ಲಿ ಎರಡು ಗಂಟೆ ಹಿಡಿಯಿತು, ಕಡುಬು ಬೇಯುವಷ್ಟರಲ್ಲಿ ಮುಗಿಯಿತು. ಮರುಚಾಲನೆಯಾದಾಗ ಮೆನು, ಗುಂಡಿ, ನವಿಲು, ಗುಬ್ಬಿ ಎಲ್ಲವೂ ಇದ್ದಲ್ಲೇ ಇದ್ದವು. ಅವ್ವ ಟಿಪ್ಪಣಿ ತೆರೆದು ‘ದಾರ‍್ಯಾಗ’ ಎಂದು ಬರೆದು, ಉಳಿಸಿ, ಮುಚ್ಚಿ, ಮತ್ತೆ ತೆರೆದು ನೋಡಿದಳು. ಆಮೇಲೆ ನನ್ನನ್ನು ನೆಚ್ಚದೆ ಯಂತ್ರವನ್ನೇ ಆರಿಸಿ, ಹಚ್ಚಿ, ಇನ್ನೊಮ್ಮೆ ನೋಡಿದಳು.

ಯಾರಿಗೆ ಇದು ಬೇಡ ಎಂಬುದನ್ನೂ ಹೇಳಬೇಕು. ಹತ್ತು ಹದಿನೈದು ವರ್ಷಕ್ಕೂ ಹಳೆಯ 32 ಬಿಟ್ ಯಂತ್ರಗಳಿಗೆ 13ನೆಯ ಆವೃತ್ತಿಯಲ್ಲಿ ಸ್ಥಾಪಕವೂ ಇಲ್ಲ, ವ್ಯವಸ್ಥೆಯ ತಿರುಳಾದ ಕರ್ನಲ್ಲೂ ಇಲ್ಲ. ಬೆರಳ ಗುರುತು ಓದುವ ಸಾಧನ, ಡಿಜಿಟಲ್ ಸಹಿಯ ಟೋಕನ್ ಮುಂತಾದವನ್ನು ನಿತ್ಯ ಬಳಸುವವರು, ಅವುಗಳ ತಯಾರಕರು ಲಿನಕ್ಸ್‌ಗೆ ತಂತ್ರಾಂಶ ಕೊಟ್ಟಿದ್ದಾರೆಯೇ ಎಂದು ಮೊದಲು ವಿಚಾರಿಸಬೇಕು. ಹೊಸ ಪ್ರಿಂಟರುಗಳು ಹೆಚ್ಚಾಗಿ ತಾವಾಗಿಯೇ ನಡೆಯುತ್ತವೆ. ನಮ್ಮ ಮನೆಯ ಹಳೆಯ ಪ್ರಿಂಟರಿಗೆ ಅರ್ಧ ದಿನ ಕೊಟ್ಟೆ. ಎಲ್ಲದರಲ್ಲೂ ಇತ್ತೀಚಿನದೇ ಬೇಕೆನ್ನುವವರಿಗೆ ಎರಡು ವರ್ಷಕ್ಕೊಮ್ಮೆ ಬದಲಾಗುವ ಈ ವ್ಯವಸ್ಥೆ ಹಳಸಿದಂತೆ ಕಾಣುತ್ತದೆ. ಪ್ರತಿ ಆವೃತ್ತಿಗೆ ಮೂರು ವರ್ಷ ಪೂರ್ಣ ಬೆಂಬಲ, ಆಮೇಲೆ ಎರಡು ವರ್ಷ ದೀರ್ಘಾವಧಿಯ ಭದ್ರತಾ ಬೆಂಬಲ ಉಂಟು. ಸುಮಾರು ಎಪ್ಪತ್ತು ಸಾವಿರ ಪ್ಯಾಕೇಜುಗಳಿರುವ ಭಂಡಾರಕ್ಕೆ ಅದು ಸಣ್ಣ ಮಾತಲ್ಲ. ಆಜ್ಞೆಗಳನ್ನು ಟೈಪು ಮಾಡುವ ಟರ್ಮಿನಲ್ಲಿನಲ್ಲಿ ಒಳಹೊಕ್ಕಾಗ ಮಾತ್ರ, ಇದಕ್ಕೆ ಯಾವ ಖಾತರಿಯೂ ಇಲ್ಲವೆಂದು ಅದು ದೊಡ್ಡಕ್ಷರಗಳಲ್ಲಿ ಸಾರುತ್ತದೆ. ಸಹಾಯವಾಣಿ ಇಲ್ಲ. ಮನೆಯಲ್ಲೋ ಓಣಿಯಲ್ಲೋ ಬಲ್ಲವರೊಬ್ಬರು ಇರಬೇಕು, ಅವರ ಫೋನು ರಾತ್ರಿ ಒಂಬತ್ತರ ಮೇಲೂ ಹಚ್ಚಿರಬೇಕು.

ಇದರ ಕರಡನ್ನು ಪ್ರಿಂಟ್ ತೆಗೆದು ಓದಿನೋಡಲು ಅವ್ವನಿಗೆ ಕೊಟ್ಟಿದ್ದೆ. ಕೊನೆಯಲ್ಲಿ ನಾನು ನೂರಕ್ಕೆ ಎಪ್ಪತ್ತು ಅಂಕ ಹಾಕಿದ್ದೆ. ಹಾಳೆ ತಿರುಗಿ ಬಂದಾಗ ಎಪ್ಪತ್ತರ ಮೇಲೆ ಕೆಂಪು ಗೆರೆ ಎಳೆದು ಅರವತ್ತನಾಲ್ಕು ಎಂದು ಬರೆದಿತ್ತು. ಅಂಚಿನಲ್ಲಿ ‘ಮೆನುವಿನ ಅರೆಬರೆ ಕನ್ನಡಕ್ಕೆ ಆರು ಕಡಿಮೆ’ ಎಂಬ ಟಿಪ್ಪಣಿ, ಅದರ ಕೆಳಗೆ ತಾರೀಖಿನೊಂದಿಗೆ ಸಹಿ.